ಟವರಿನ ಹಿಂದಿನ ತಂತಿ

ನಮ್ಮ ಕಡೆಯವರು ನೆಟ್ಟಿಗೆ ಬೈಯಲು ಕಲಿತದ್ದು ಫೋನಿಗೆ ಬೈದು ಬೈದು. ಹೊಸನಗರ ತಾಲ್ಲೂಕಿನ ಒಂದು ಸಣ್ಣ ಪೇಟೆಯಲ್ಲಿ ಮೊದಲು ಎಸ್‌ಟಿಡಿ ಬೂತ್, ಆಮೇಲೆ ಬ್ರೌಸಿಂಗ್ ಸೆಂಟರ್, ಈಗ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟುಕೊಂಡು ಬದುಕಿದವನು ನಾನು. ಮೂರಕ್ಕೂ ಅದೇ ಮಳಿಗೆ, ಅದೇ ಮರದ ಬೆಂಚು. ಬೋರ್ಡು ಬದಲಾಯಿತೇ ಹೊರತು ಬೈಗುಳ ಕೇಳಿಸಿಕೊಳ್ಳುವ ಕೆಲಸ ಬದಲಾಗಲಿಲ್ಲ. ಕಂಪನಿಯವರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುತ್ತಾರೆ, ಕೈಗೆ ಸಿಗುವವನು ಅಂಗಡಿಯವನು. "ಎಂತ ಮಾರಾಯ, ನಿನ್ನ ಚಕ್ರ ಇನ್ನೂ ಸುತ್ತುತ್ತಾ ಇದ್ಯಲ್ಲ, ನನ್ನ ಬಸ್ಸು ಹೋತು" ಎಂದು ಗದರಿದವರಲ್ಲಿ ನನ್ನ ಮಾವನ ವಯಸ್ಸಿನವರೂ ಇದ್ದರು, ನಿನ್ನೆ ಮೊನ್ನೆ ಹೈಸ್ಕೂಲು ಬಿಟ್ಟ ಹುಡುಗರೂ ಇದ್ದರು. ಅವರಿಗೆಲ್ಲ ಕೊಡಬೇಕಾಗಿದ್ದ ಉತ್ತರ ಸ್ವಲ್ಪ ಉದ್ದದ್ದು, ಬಸ್ಸಿನ ಗಡಿಬಿಡಿಯಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ ಶುರುವಾಗುವುದು ಇಂಟರ್ನೆಟ್ಟಿಗಿಂತ ಮೊದಲು. 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ದೂರಸಂಪರ್ಕ ಸಂಶೋಧನೆಯ ಸರ್ಕಾರಿ ಸಂಸ್ಥೆ ಸಿ-ಡಾಟ್ ತನ್ನ ಗ್ರಾಮೀಣ ಎಕ್ಸ್‌ಚೇಂಜನ್ನು ಮೊದಲ ಬಾರಿಗೆ ಚಾಲೂ ಮಾಡಿತು. 128 ಪೋರ್ಟಿನ ಸಣ್ಣ ಪೆಟ್ಟಿಗೆ ಅದು. ಏರ್‌ಕಂಡೀಷನ್ ಬೇಡ, ಧೂಳು ಸೆಕೆ ಎರಡನ್ನೂ ತಡೆದುಕೊಳ್ಳುತ್ತಿತ್ತು. ಸಿ-ಡಾಟ್ ಕಟ್ಟಿದ ಸ್ಯಾಮ್ ಪಿತ್ರೋಡಾ ಅವರ ಹೆಸರಿನ ಜೊತೆಗೆ ಎಸ್‌ಟಿಡಿ ಬೂತುಗಳನ್ನು ನೆನೆಯುವವರು ಈ ಪೆಟ್ಟಿಗೆಯನ್ನೂ ನೆನೆಯಬೇಕು, ಏಕೆಂದರೆ ನಮ್ಮಂಥ ಪೇಟೆಗಳಿಗೆ ತಿರುಗಿಸುವ ಫೋನು ಬಂದದ್ದು ಅದರಿಂದ. ಪೇಟೆಗೇನೋ ಬಂತು. ಪೇಟೆಯಿಂದ ಆಚೆ, ತೋಟಕ್ಕೊಂದು ಮನೆ, ಮನೆಗೊಂದು ಗುಡ್ಡ ಎನ್ನುವ ನಮ್ಮ ಊರುಗಳಿಗೆ ತಾಮ್ರದ ತಂತಿ ಎಳೆಯಲು ಇಲಾಖೆಗೆ ದುಡ್ಡೂ ಸಾಲದು, ಕಂಬವೂ ಸಾಲದು. ಎಳೆದದ್ದು ಜೂನ್ ತಿಂಗಳಲ್ಲಿ ಮರ ಬಿದ್ದು ಹರಿಯುತ್ತಿತ್ತು.

ಆಗ ಹೊಳೆದ ಉಪಾಯ ರೇಡಿಯೊ. ಮಲ್ಟಿ ಆಕ್ಸೆಸ್ ರೂರಲ್ ರೇಡಿಯೊ, ಎಂಎಆರ್‌ಆರ್ ಎಂದು ಅದರ ಹೆಸರು. ಎಕ್ಸ್‌ಚೇಂಜಿನ ಬಳಿ ಒಂದು ಗೋಪುರ, ಹಳ್ಳಿಯ ಒಂದು ಮನೆಯ ಮೇಲೆ ಆಂಟೆನಾ, ಕೆಳಗೆ ಬ್ಯಾಟರಿ, ಜಗುಲಿಯಲ್ಲಿ ಊರಿಗೆಲ್ಲ ಒಂದು ಸಾರ್ವಜನಿಕ ಫೋನು. ಅದರಲ್ಲಿ 2/15 ಎನ್ನುವ ಒಂದು ಮಾದರಿ ಇತ್ತು: ಎರಡು ಚಾನೆಲ್, ಹದಿನೈದು ಫೋನು. ಹದಿನೈದು ಊರುಗಳಲ್ಲಿ ಯಾರಾದರೂ ಇಬ್ಬರು ಮಾತಾಡುತ್ತಿದ್ದರೆ ಮೂರನೆಯ ಊರಿನವನಿಗೆ ಸಾಲು ಸಿಗುತ್ತಿರಲಿಲ್ಲ. ಹೆರಿಗೆ ನೋವು, ಹಾವು ಕಡಿತ, ಸಾವು, ಯಾವುದಿದ್ದರೂ ಸರಿ, ಇಬ್ಬರೂ ಮಾತು ಮುಗಿಸಬೇಕು. ಬ್ಯಾಟರಿ ಸತ್ತರೆ ಮುಗಿಸುವ ಪ್ರಶ್ನೆಯೂ ಇಲ್ಲ. ಇವು ಎಷ್ಟರ ಮಟ್ಟಿಗೆ ಕೆಟ್ಟು ಕೂತವೆಂದರೆ 2002ರ ನಂತರ ಸರ್ಕಾರ ಸಾರ್ವತ್ರಿಕ ಸೇವಾ ನಿಧಿಯ ಹಣ ಹಾಕಿ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಇಂಥ ಫೋನುಗಳನ್ನು ಕಿತ್ತು ಬೇರೆಯವನ್ನು ಕೂರಿಸಬೇಕಾಯಿತು.

ಈ 2/15 ಎಂಬುದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ಬಂದ ಎಲ್ಲ ತಂತಿಯಿಲ್ಲದ ಸೇವೆಗಳ ಒಳಲೆಕ್ಕ ಇದೇ. ಮೊದಲು ಅದನ್ನು ಯಂತ್ರದ ಹೆಸರಿನಲ್ಲೇ ಬರೆದಿರುತ್ತಿದ್ದರು, ಆಮೇಲೆ ಬರೆಯುವುದನ್ನು ಬಿಟ್ಟರು, ಅಷ್ಟೇ ವ್ಯತ್ಯಾಸ.

ಇಂಟರ್ನೆಟ್ ಸಾರ್ವಜನಿಕರಿಗೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ, ದೊಡ್ಡ ನಗರಗಳಲ್ಲಿ. ವೇಗ 9.6 ಕೆಬಿಪಿಎಸ್. ಚಿತ್ರ ಕಾಣುವ ಖಾತೆಗೆ 250 ಗಂಟೆಗೆ 15,000 ರೂಪಾಯಿ. ಆ ಹೊತ್ತಿಗೆ ಬೆಂಗಳೂರಿನ ಕಂಪನಿಗಳಿಗೆ ತಮ್ಮದೇ ದಾರಿ ಇತ್ತು. 1985ರಲ್ಲಿ ಬಂದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕ ಇಟ್ಟುಕೊಂಡೇ ಕೆಲಸಕ್ಕೆ ಇಳಿದಿತ್ತು. ನಮ್ಮ ಪೇಟೆಗೆ ಡಯಲ್-ಅಪ್ ಬಂದದ್ದು ಎಷ್ಟೋ ತಡವಾಗಿ, 172ರಿಂದ ಶುರುವಾಗುವ ನಂಬರಿಗೆ ಲೋಕಲ್ ಕಾಲ್ ದರದಲ್ಲಿ ಹೊಡೆಯಬಹುದು ಎಂದಾದ ಮೇಲೆ. ಮೋಡೆಮ್ಮಿನ ಕಿರುಚಾಟದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಬಿಡಿ. ನಾನು ಹೇಳಬೇಕಾದದ್ದು ಒಂದೇ. ಡಯಲ್-ಅಪ್ ನಿಧಾನ, ಆದರೆ ಅದರ ನಿಧಾನಕ್ಕೆ ಒಂದು ನಿಯತ್ತಿತ್ತು. ಬೆಳಿಗ್ಗೆ ಸೆಕೆಂಡಿಗೆ ಐದು ಕಿಲೋಬೈಟ್ ಬಂದರೆ ಸಂಜೆಯೂ ಸುಮಾರಿಗೆ ಅಷ್ಟೇ. ನನ್ನ ತಂತಿಯಲ್ಲಿ ಬರುವುದು ನನ್ನ ಪಾಲು. ಪಕ್ಕದ ಮೆಡಿಕಲ್ ಶಾಪಿನವರು ನೆಟ್ ಹಾಕಿಕೊಂಡರೆ ನನಗೆ ಕಡಿಮೆಯಾಗುತ್ತಿರಲಿಲ್ಲ. ಗಿರಾಕಿಗೆ "ಹತ್ತು ನಿಮಿಷ ಆಗ್ತದೆ, ಚಾ ಕುಡ್ಕೊಂಡು ಬನ್ನಿ" ಎಂದು ಧೈರ್ಯವಾಗಿ ಹೇಳಬಹುದಿತ್ತು.

2004ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ಪ್ರಕಟಿಸಿತು. 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಎಂದು ಅದರಲ್ಲಿತ್ತು. ಮರುವರ್ಷ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬಂತು. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳಬಹುದಾದ ಪ್ಲಾನ್ ಒಂದಿತ್ತು. ಆ ಕಾಲದ ಹುಡುಗರು ಎರಡು ಗಂಟೆಗೆ ಅಲಾರಂ ಇಟ್ಟು ಏಳುತ್ತಿದ್ದದ್ದು ಪರೀಕ್ಷೆಗೆ ಓದಲು ಎಂದು ಅಪ್ಪ ಅಮ್ಮ ನಂಬಿದ್ದರು. ಆದರೆ ಅದು ತಾಮ್ರದ ತಂತಿಯ ಸೇವೆ. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಆ ಸಿಗ್ನಲ್ಲು ಸೊರಗುತ್ತದೆ. ಪೇಟೆಯವರಿಗೆ ಬ್ರಾಡ್‌ಬ್ಯಾಂಡ್, ತೋಟದವರಿಗೆ ಮತ್ತೆ ರೇಡಿಯೊ. ಎಂಎಆರ್‌ಆರ್ ಕಾಲದ ಗಡಿರೇಖೆ ಹಾಗೇ ಉಳಿಯಿತು.

ತೋಟದವರಿಗೆ ಸಿಕ್ಕಿದ್ದು ಡಬ್ಲ್ಯೂಎಲ್‌ಎಲ್, ಅಂದರೆ ತಂತಿಯಿಲ್ಲದ ಮನೆಫೋನು. ನೋಡಲು ಮೇಜಿನ ಫೋನಿನ ಹಾಗೆ, ಹಿಂದೆ ಮಾತ್ರ ಒಂದು ಪುಟ್ಟ ಕೊಂಬು. ಈ ದಾರಿಯಲ್ಲಿ ನಮ್ಮವರದೇ ಒಂದು ದೊಡ್ಡ ಪ್ರಯತ್ನವೂ ಆಗಿತ್ತು: ಮದ್ರಾಸ್ ಐಐಟಿಯ ಅಶೋಕ್ ಝುನ್‌ಝುನ್‌ವಾಲಾ ಮತ್ತು ಅವರ ತಂಡದ ಕಾರ್‌ಡೆಕ್ಟ್ ತಂತ್ರಜ್ಞಾನ ಫೋನಿನ ಮಾತಿನ ಜೊತೆಗೇ 35 ಅಥವಾ 70 ಕೆಬಿಪಿಎಸ್ ಇಂಟರ್ನೆಟ್ ಕೊಡುತ್ತಿತ್ತು. ಡಯಲ್-ಅಪ್ ಕಾಲದಲ್ಲಿ ಅದು ಸಣ್ಣ ಸಾಧನೆಯಲ್ಲ. ಗೆದ್ದದ್ದು ಮಾತ್ರ ಸಿಡಿಎಂಎ ಎಂಬ ಇನ್ನೊಂದು ತಂತ್ರಜ್ಞಾನ. ಅದರ ಫೋನಿಗೆ ಡೇಟಾ ಕೇಬಲ್ ಸಿಕ್ಕಿಸಿದರೆ ಕಾಗದದ ಮೇಲೆ 144 ಕೆಬಿಪಿಎಸ್. ತೋಟದ ಮನೆಯ ಮಕ್ಕಳು ಕಿಟಕಿಯ ಸರಳಿಗೆ ಫೋನು ಕಟ್ಟಿ ಇ-ಮೇಲ್ ನೋಡಿದ್ದು ಹಾಗೆ.

ಆಮೇಲೆ ಬಂದದ್ದು ಡಾಂಗಲ್.

ಆ ಐದಾರು ವರ್ಷಗಳ ಹುಚ್ಚನ್ನು ಈಗಿನವರಿಗೆ ವಿವರಿಸುವುದು ಕಷ್ಟ. 2009ರಿಂದ 2014ರವರೆಗೆ ಎನ್ನಿ. ಪೆನ್‌ಡ್ರೈವಿನಂಥ ಒಂದು ಕಡ್ಡಿ, ಲ್ಯಾಪ್‌ಟಾಪಿಗೆ ಚುಚ್ಚಿದರೆ ನೆಟ್. ಜಾಹೀರಾತಿನಲ್ಲಿ 3.1 ಎಂಬಿಪಿಎಸ್, 7.2 ಎಂಬಿಪಿಎಸ್, 21 ಎಂಬಿಪಿಎಸ್ ಎಂದು ಅಂಕಿಗಳು ತಿಂಗಳಿಗೊಮ್ಮೆ ಬೆಳೆಯುತ್ತಿದ್ದವು. ಜಿಎಸ್‌ಎಂ ಡಾಂಗಲ್ಲಿಗೆ ಒಂದು ಪುಟ್ಟ ದೀಪ ಇರುತ್ತಿತ್ತು. ನೀಲಿ ಇದ್ದರೆ 3ಜಿ, ಹಸಿರಾದರೆ 2ಜಿ. ಬ್ರೌಸಿಂಗ್ ಸೆಂಟರಿನಲ್ಲಿ ನಾನು ಗಿರಾಕಿಯ ಮುಖ ನೋಡುವುದಕ್ಕಿಂತ ಹೆಚ್ಚು ಆ ದೀಪದ ಮುಖ ನೋಡಿದ್ದೇನೆ. ಸಿಡಿಎಂಎ ಡಾಂಗಲ್ಲಿನಲ್ಲಾದರೆ ಪರದೆಯ ಮೂಲೆಯಲ್ಲಿ ಇವಿಡಿಒ ಎಂದು ಬರಬೇಕು, 1ಎಕ್ಸ್ ಎಂದು ಬಂದರೆ ಆ ದಿನದ ವ್ಯಾಪಾರ ಮುಗಿಯಿತು. ಯುಎಸ್‌ಬಿ ಎಕ್ಸ್‌ಟೆನ್ಷನ್ ವಯರು ಹಾಕಿ ಡಾಂಗಲನ್ನು ಕಿಟಕಿಗೆ, ಹೆಂಚಿನ ಸಂದಿಗೆ, ಅಂಗಡಿಯ ಮುಂದಿನ ಹಲಸಿನ ಮರದ ಕೊಂಬೆಗೆ ಕಟ್ಟುವುದು ಒಂದು ವಿದ್ಯೆಯೇ ಆಯಿತು. ಅಲ್ಯೂಮಿನಿಯಂ ಬೋಗುಣಿಯ ನಡುವೆ ಡಾಂಗಲ್ ಇಟ್ಟು ಟವರಿನ ಕಡೆ ತಿರುಗಿಸಿದರೆ ಒಂದು ಕಡ್ಡಿ ಜಾಸ್ತಿ ಬರುತ್ತದೆ ಎಂದು ಯಾರೋ ಹೇಳಿದರು. ಬಂತು ಕೂಡ. ಅಡುಗೆಮನೆಯಿಂದ ಬೋಗುಣಿ ಕಾಣೆಯಾದ ಬಗ್ಗೆ ಮನೆಯಲ್ಲಿ ನಡೆದ ವಿಚಾರಣೆ ಬೇರೆ ಸಂಗತಿ.

ನಾನು ಕೊಂಡ ಡಾಂಗಲ್ ಯಾವ ಕಂಪನಿಯದೆಂದು ಹೇಳುವುದಿಲ್ಲ, ಎಲ್ಲರದೂ ಒಂದೇ ಪಾಡು. ಅಂಗಡಿಯ ಎದುರಿಗೇ ಟವರು. ಐದಕ್ಕೆ ಐದು ಕಡ್ಡಿ ಸಿಗ್ನಲ್ಲು. ಬೆಳಗಿನ ಐದು ಗಂಟೆಗೆ ಬಾಗಿಲು ತೆಗೆದು ಕೂತರೆ ಪುಟಗಳು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿದ್ದವು. ಒಂಬತ್ತಾಯಿತೋ, ಅದೇ ಐದು ಕಡ್ಡಿ, ನೆಟ್ ಮಾತ್ರ ಇಲ್ಲ. ರೈಲ್ವೆ ತತ್ಕಾಲ್ ಬುಕಿಂಗ್ 2012ರ ಜುಲೈವರೆಗೆ ಬೆಳಿಗ್ಗೆ 8ಕ್ಕೆ ತೆರೆಯುತ್ತಿತ್ತು, ಆಮೇಲೆ 10ಕ್ಕೆ ಹೋಯಿತು. ದೇಶಕ್ಕೆ ಅದರಿಂದ ಏನು ಅನುಕೂಲವಾಯಿತೋ, ನನ್ನ ಅಂಗಡಿಗೆ ಮಾತ್ರ ತತ್ಕಾಲ್ ಎಂಬ ವ್ಯಾಪಾರ ಅವತ್ತಿಗೆ ಹೋಯಿತು. ಹತ್ತಕ್ಕೆ ಲಾಗಿನ್ ಒತ್ತಿದರೆ ಕ್ಯಾಪ್ಚಾದ ಚಿತ್ರ ಬರುವ ಹೊತ್ತಿಗೆ ಶಿವಮೊಗ್ಗದ ಏಜೆಂಟರು ಟಿಕೆಟ್ ಮುದ್ರಿಸಿ ಕೊಟ್ಟಾಗಿರುತ್ತಿತ್ತು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನವಂತೂ ಬೆಂಚಿನಿಂದ ರಸ್ತೆಯವರೆಗೆ ಜನ. ಒಬ್ಬೊಬ್ಬರ ಕೈಯಲ್ಲೂ ರಿಜಿಸ್ಟರ್ ನಂಬರ್ ಬರೆದ ಚೀಟಿ. ಪರದೆ ಬೆಳ್ಳಗೆ. "ಅಣ್ಣ, ಫೇಲಾಗಿದ್ರೂ ಪರವಾಗಿಲ್ಲ, ಒಂದ್ಸಲ ತೋರ್ಸಿಬಿಡಿ" ಎಂದು ಒಬ್ಬ ಹುಡುಗ ಅತ್ತೇಬಿಟ್ಟ. ಪಾಸಾಗಿದ್ದ.

ಕಸ್ಟಮರ್ ಕೇರ್‌ಗೆ ಫೋನು ಮಾಡಿದರೆ ಮಾತು ಹೀಗೆ ನಡೆಯುತ್ತಿತ್ತು.

"ಸರ್, ಡಾಂಗಲ್ ತೆಗೆದು ಮತ್ತೆ ಹಾಕಿ."

"ಹಾಕಿದೆ."

"ಸಿಸ್ಟಂ ರೀಸ್ಟಾರ್ಟ್ ಮಾಡಿ ಸರ್."

"ಮಾಡಿದೆ."

"ಸಿಗ್ನಲ್ ಎಷ್ಟು ಪಾಯಿಂಟ್ ಇದೆ ಸರ್?"

"ಪೂರ್ತಿ ಇದೆ ತಾಯಿ."

"ಹಾಗಾದ್ರೆ ನಮ್ಮ ಕಡೆಯಿಂದ ಸರಿ ಇದೆ ಸರ್. ನಿಮ್ಮ ಸಿಸ್ಟಂನಲ್ಲಿ ವೈರಸ್ ಇರಬಹುದು."

ಆ ಹುಡುಗಿಯ ತಪ್ಪಿಲ್ಲ. ಅವಳ ಮುಂದಿನ ಪರದೆಯಲ್ಲಿ ನನ್ನ ಟವರಿನ ಸ್ಥಿತಿ ಕಾಣುತ್ತಿರಲಿಲ್ಲ, ಓದಬೇಕಾದ ಸಾಲುಗಳು ಮಾತ್ರ ಕಾಣುತ್ತಿದ್ದವು. ಐದು ಕಡ್ಡಿ ಇದ್ದೂ ನೆಟ್ ಏಕಿಲ್ಲ ಎಂಬ ಒಗಟನ್ನು ನನಗೆ ಬಿಡಿಸಿದವನು ಟವರಿಗೆ ಡೀಸೆಲ್ ಹಾಕಲು ಬರುತ್ತಿದ್ದ ಹುಡುಗ. ಕಡ್ಡಿ ತೋರಿಸುವುದು ನಿನಗೂ ಟವರಿಗೂ ನಡುವಿನ ಗಾಳಿಯನ್ನು ಮಾತ್ರ, ಟವರಿನ ಹಿಂದೆ ಏನಿದೆ ಎಂದು ಅದು ತೋರಿಸುವುದಿಲ್ಲ ಅಂದ ಅವನು. ಟವರಿನ ಹಿಂದೆ ಇದ್ದದ್ದು ಇ1 ಎನ್ನುವ ಕೊಂಡಿ. ಒಂದು ಇ1ನಲ್ಲಿ ಹೋಗುವುದು 2.048 ಎಂಬಿಪಿಎಸ್. ಅದು ಮಾತಿಗೆಂದು, ಫೋನ್ ಕರೆಗಳಿಗೆಂದು ಮಾಡಿದ್ದ ಅಳತೆ. ಹಳ್ಳಿಯ ಟವರಿಗೆ ಒಂದೋ ಎರಡೋ ಇ1 ಕೊಟ್ಟು, ಅದರ ತುದಿಯಲ್ಲಿ 3.1 ಎಂಬಿಪಿಎಸ್‌ನ ಡಾಂಗಲುಗಳನ್ನು ಊರಿಗೆಲ್ಲ ಮಾರಿದ್ದರು. ನಮ್ಮ ಕಡೆ ಗುಡ್ಡದ ಅಬ್ಬಿಯಿಂದ ಅಡಿಕೆ ದಬ್ಬೆಯಲ್ಲಿ ನೀರು ತರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅಂಗಳದಲ್ಲಿ ಎಷ್ಟು ದೊಡ್ಡ ಕೊಳಗ ಇಟ್ಟರೂ ಬೀಳುವುದು ದಬ್ಬೆಯಷ್ಟೇ ನೀರು.

ಆ ಇ1 ಕೂಡ ನೆಲದಲ್ಲಿ ಹೂತ ತಂತಿಯಾಗಿರಲಿಲ್ಲ. ಒಂದು ಗುಡ್ಡದ ಟವರಿನಿಂದ ಇನ್ನೊಂದು ಗುಡ್ಡದ ಟವರಿಗೆ ಮೈಕ್ರೋವೇವ್ ತಟ್ಟೆ ಹಚ್ಚಿ ಜಿಗಿಸುತ್ತಿದ್ದರು. ಸಾಲಿನ ಕೊನೆಯ ಟವರಿಗೆ ಸಿಗುವುದು ಹಿಂದಿನವು ಬಳಸಿ ಉಳಿದದ್ದು. ಇದಕ್ಕೆ ಬಳಸುವ ಕಂಪನಾಂಕ 10 ಗಿಗಾಹರ್ಟ್ಸ್ ದಾಟಿದರೆ ಜೋರು ಮಳೆಯ ಹನಿಗಳೇ ಅದನ್ನು ನುಂಗುತ್ತವೆ. ಆಗುಂಬೆಯ ಸುತ್ತಮುತ್ತಲ ಸೀಮೆಯಲ್ಲಿ ಮಳೆಗೆ ಅಳುಕುವ ಕೊಂಡಿ ಹಾಕಿ ವರ್ಷಪೂರ್ತಿ ನೆಟ್ ಕೊಡುತ್ತೇವೆ ಎಂದವರ ಧೈರ್ಯ ದೊಡ್ಡದು. ಇನ್ನು ಟವರಿನಿಂದ ಮನೆಯವರೆಗಿನ ಗಾಳಿಯಲ್ಲೂ ಹಂಚಿಕೆ ಇದೆ. ಇವಿಡಿಒ ಓಡುವುದು 1.25 ಮೆಗಾಹರ್ಟ್ಸ್ ಅಗಲದ ದಾರಿಯಲ್ಲಿ, ಜಾಹೀರಾತಿನ ವೇಗ ಆ ದಾರಿಯ ಒಟ್ಟು ವೇಗ, ಒಬ್ಬನದಲ್ಲ. ದೂರದ ತೋಟದ ಮನೆಯವರಿಗೆ ಸಿಗ್ನಲ್ಲು ಕ್ಷೀಣ, ಅವರಿಗೆ ಅದೇ ಫೋಟೋ ಕಳಿಸಲು ಟವರು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಟವರಿನ ಬುಡದಲ್ಲಿದ್ದವರೂ ಕಾಯಬೇಕು. ಅಂದರೆ ಟವರಿನ ಬುಡದಲ್ಲಿದ್ದೂ ನನ್ನ ನೆಟ್ ಸತ್ತದ್ದು ನ್ಯಾಯವಾಗಿಯೇ ಇತ್ತು.

ಇದರ ಮೇಲೆ ಬಿಟ್ ಮತ್ತು ಬೈಟ್ ಗೊಂದಲ. ಡಬ್ಬಿಯ ಮೇಲಿನ ಅಂಕಿ ಬಿಟ್ಟಿನಲ್ಲಿ, ಪರದೆಯಲ್ಲಿ ಇಳಿಯುವ ಫೈಲಿನ ಅಂಕಿ ಬೈಟಿನಲ್ಲಿ. ಎಂಟರಿಂದ ಭಾಗಿಸಬೇಕು. 256 ಕೆಬಿಪಿಎಸ್ ಪೂರ್ತಿ ಬಂದರೂ ಪರದೆ ತೋರಿಸುವುದು 32. ಇದನ್ನು ಹೇಳಿದರೆ ಗಿರಾಕಿಗಳು ನಾನೇ ಪಾಲು ತಿಂದ ಹಾಗೆ ನೋಡುತ್ತಿದ್ದರು.

ಕಂಪನಿಗಳು ಟವರಿನ ಹಿಂದೆ ಏಕೆ ದುಡ್ಡು ಹಾಕಲಿಲ್ಲ? ಒಂದು ಕಾರಣ 2010ರ ಹರಾಜಿನಲ್ಲಿದೆ. ಏಪ್ರಿಲ್ 9ರಿಂದ ಮೇ 19ರವರೆಗೆ, 34 ದಿನ, 183 ಸುತ್ತು ನಡೆದ 3ಜಿ ಹರಾಜಿನಿಂದ ಸರ್ಕಾರಕ್ಕೆ ಬಂದದ್ದು ಸುಮಾರು 67,700 ಕೋಟಿ ರೂಪಾಯಿ. ಅದರ ಬೆನ್ನಿಗೇ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಹರಾಜು, ಅದರಿಂದ 38,500 ಕೋಟಿ. ಕರ್ನಾಟಕವೊಂದರಲ್ಲೇ 5 ಮೆಗಾಹರ್ಟ್ಸ್‌ನ ಒಂದು 3ಜಿ ತುಣುಕಿಗೆ 1,579 ಕೋಟಿ ಚಿಲ್ಲರೆ ಕೊಡಬೇಕಾಯಿತು. ಮೊದಲೇ ತರಂಗ ಪಡೆದಿದ್ದ ಬಿಎಸ್‌ಎನ್‌ಎಲ್ ಕೂಡ ಎರಡಕ್ಕೂ ಹರಾಜಿನ ಬೆಲೆಯನ್ನೇ ತೆರಬೇಕಾಗಿ ಬಂದು 18,000 ಕೋಟಿಗೂ ಹೆಚ್ಚು ಕಳೆದುಕೊಂಡಿತು. ದೆಹಲಿಯಲ್ಲಿ ಆಗ ಇದನ್ನು ಪಾರದರ್ಶಕ ಹರಾಜಿನ ಗೆಲುವು ಎಂದು ಹೊಗಳಿದರು. ಬೊಕ್ಕಸಕ್ಕೆ ಗೆಲುವು ಹೌದು. ಆದರೆ ಗಾಳಿಗೇ ಇಷ್ಟು ಕೊಟ್ಟವನು ಗುಡ್ಡದ ಟವರಿಗೆ ಫೈಬರ್ ಎಳೆಯಲು ಇನ್ನೆಲ್ಲಿಂದ ತಂದಾನು? ಸಾಲ ತೀರಿಸಲು ಅವನು ಡಾಂಗಲ್ ಮಾರಬೇಕು, ಮಾರಿದ್ದಕ್ಕೆ ತಕ್ಕ ದಾರಿ ಮಾಡಬೇಕಿಲ್ಲ. 3ಜಿ ಓಡುತ್ತಿದ್ದ 2100 ಮೆಗಾಹರ್ಟ್ಸ್ ಅಲೆ ಸಿಡಿಎಂಎಯ 800ರ ಹಾಗೆ ಗುಡ್ಡ ದಾಟಿ ಬಗ್ಗಿ ಹೋಗುವಂಥದ್ದಲ್ಲ. ಬಯಲುಸೀಮೆಗಿಂತ ಮಲೆನಾಡಿಗೆ ಹೆಚ್ಚು ಟವರು ಬೇಕಿತ್ತು, ಇಲ್ಲಿ ಗಿರಾಕಿಗಳು ಕಡಿಮೆ. ಲೆಕ್ಕ ಸರಳ, ನಾವು ಕೊನೆಗೆ.

ದೂರಿನ ಇತಿಹಾಸವನ್ನೂ ಇಲ್ಲೇ ಹೇಳಬೇಕು. ಟೆಲಿಕಾಂ ನಿಯಂತ್ರಕ ಟ್ರಾಯ್ 2009ರ ಮಾರ್ಚಿನಲ್ಲಿ ಬ್ರಾಡ್‌ಬ್ಯಾಂಡ್ ಕೊಡುವವರಿಗೆ ಒಂದು ಮಾರ್ಗಸೂಚಿ ಹೊರಡಿಸಿತು: ಮನೆ ಬಳಕೆಗೆ ಒಂದು ಸಾಲನ್ನು ಐವತ್ತು ಜನರಿಗೆ, ವ್ಯಾಪಾರಕ್ಕಾದರೆ ಮೂವತ್ತು ಜನರಿಗೆ ಮೀರಿ ಹಂಚಬಾರದು. ಐವತ್ತಕ್ಕೆ ಒಂದು! ಎಂಎಆರ್‌ಆರ್‌ನ 2/15 ಎಷ್ಟೋ ಉದಾರ ಅನ್ನಿಸಬಹುದು. ಆದರೂ ತಂತಿಗೆ ತಲೆ ಎಣಿಸಬಹುದು, ಟವರಿನ ಕೆಳಗೆ ಜಾತ್ರೆಯ ದಿನ ಎಷ್ಟು ಜನ ಬಂದು ನಿಲ್ಲುತ್ತಾರೆಂದು ಯಾರು ಎಣಿಸುತ್ತಾರೆ? ವೈರ್‌ಲೆಸ್ ಡೇಟಾಕ್ಕೆಂದೇ ಪ್ರತ್ಯೇಕ ಗುಣಮಟ್ಟದ ನಿಯಮ ಬರಲು 2012ರ ಡಿಸೆಂಬರ್ ಆಗಬೇಕಾಯಿತು. ಅದೇ 2009ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ಟೆಲಿಫೋನ್ ತಕರಾರುಗಳಿಗೆ 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಂನಲ್ಲಿ ಮಧ್ಯಸ್ಥಿಕೆಯ ದಾರಿ ಇದೆ, ಗ್ರಾಹಕ ವೇದಿಕೆ ಅವನ್ನು ಕೈಗೆತ್ತಿಕೊಳ್ಳುವಂತಿಲ್ಲ ಎಂದು. ಡಾಂಗಲ್ ಯುಗ ಶುರುವಾಗುವುದಕ್ಕೂ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚುವುದಕ್ಕೂ ಸರಿಹೋಯಿತು. ತಂತಿ ಸಂದೇಶದ ಕಾಲದ ಬ್ರಿಟಿಷ್ ಕಾನೂನು ಹಿಡಿದು ನನ್ನ ನೀಲಿ ದೀಪದ ನ್ಯಾಯ ಕೇಳಬೇಕಿತ್ತು. ಅಂಗಡಿ ಮುಚ್ಚಿ ಯಾರು ಹೋಗುತ್ತಾರೆ? ಯಾರೂ ಹೋಗಲಿಲ್ಲ. ಡಾಂಗಲ್ ಬದಲಿಸಿದೆವು, ಕಂಪನಿ ಬದಲಿಸಿದೆವು, ಬೈಯುವುದನ್ನು ಮುಂದುವರಿಸಿದೆವು.

2013ರ ಜುಲೈಯಲ್ಲಿ ಬ್ರಾಡ್‌ಬ್ಯಾಂಡ್ ಎಂದರೆ ಕನಿಷ್ಠ 512 ಕೆಬಿಪಿಎಸ್ ಎಂದು ಸರ್ಕಾರ ತಿದ್ದಿತು. 2012ರಲ್ಲೇ ಬೆಂಗಳೂರಿಗೆ 4ಜಿ ಬಂದಿತ್ತು. ನಮ್ಮಲ್ಲಿ ಆಟ ಬದಲಾದದ್ದು 2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾದ ಮೇಲೆ. ಡಾಂಗಲ್ ಸತ್ತಿತು, ಎಲ್ಲರ ಕೈಯಲ್ಲೂ ಮೊಬೈಲ್ ನೆಟ್. ಬ್ರೌಸಿಂಗ್ ಸೆಂಟರಿನ ಕಂಪ್ಯೂಟರುಗಳನ್ನು ಗುಜರಿಗೆ ಹಾಕಿ ನಾನು ಆಧಾರ್, ಪಹಣಿ, ಸ್ಕಾಲರ್‌ಶಿಪ್ ಅರ್ಜಿಗಳಿಗೆ ಇಳಿದೆ. ಪೇಟೆಯಲ್ಲಿ ಮೊದಲು ಕೆಲವು ತಿಂಗಳು ನೆಟ್ ಹಾರಿತು. ಜನ ಹೆಚ್ಚಿದಂತೆ ಸಂಜೆ ಹೊತ್ತು ಹಳೆಯ ಚಕ್ರ ತಿರುಗಲು ಶುರುವಾಯಿತು. ಪೇಟೆಯಾಚೆ ಮೂರು ಮೈಲಿ ಹೋದರೆ ಫೋನಿನ ಪರದೆಯ ಮೂಲೆಯಲ್ಲಿ ಎಚ್ ಪ್ಲಸ್, ಇ, ಕೊನೆಗೆ ಬರೀ ಖಾಲಿ ತ್ರಿಕೋನ.

ಇದನ್ನೆಲ್ಲ ಊರ ಹಿರಿಯರು ಹುಡುಗರ ಶೋಕಿಯ ತೊಂದರೆ ಎಂದುಕೊಂಡಿದ್ದರು, 2020ರ ಮಾರ್ಚ್‌ವರೆಗೆ. ಲಾಕ್‌ಡೌನ್ ಆಗಿ ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವ ಮಕ್ಕಳು ಲ್ಯಾಪ್‌ಟಾಪ್ ಸಮೇತ ಮನೆಗೆ ಬಂದರು. ಅಪ್ಪನ ತೋಟ, ಅಮ್ಮನ ಕೈ ಊಟ, ಎಲ್ಲ ಇದೆ, ನೆಟ್ ಇಲ್ಲ. ಗುಡ್ಡ ಹತ್ತಿದರು. ನೆತ್ತಿಯಲ್ಲಿ ಟಾರ್ಪಾಲ್ ಕಟ್ಟಿ, ಕುರ್ಚಿ ಹೊತ್ತೊಯ್ದು, ಇನ್ವರ್ಟರ್ ಬ್ಯಾಟರಿ ಹೊತ್ತೊಯ್ದು ಆಫೀಸು ಮಾಡಿದರು. ಜೂನ್ ಬಂತು. ಕಾಲಿಗೆ ಇಂಬಳ ಹತ್ತಿಸಿಕೊಂಡು ಅಮೆರಿಕದ ಗಿರಾಕಿಯ ಜೊತೆ ಮೀಟಿಂಗ್ ಮಾಡಿದವನೊಬ್ಬ ನನ್ನ ಅಂಗಡಿಗೆ ಬಂದು, "ಅವ್ರು ಕ್ಯಾಮೆರಾ ಆನ್ ಮಾಡು ಅಂತಾರೆ ಅಣ್ಣ, ಮಾಡಿದ್ರೆ ಕಾಡು ಕಾಣ್ತದೆ" ಎಂದು ನಕ್ಕ. ಶಾಲೆಯ ಮಕ್ಕಳ ಪಾಡು ನಗುವಂಥದ್ದಾಗಿರಲಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ತಂದೆ ಕೊಡೆ ಹಿಡಿದು ನಿಂತಿದ್ದಾರೆ ಎಂಬ ಚಿತ್ರ ದೇಶವೆಲ್ಲ ಸುತ್ತಿತು. ಅದು ಒಂದು ಮನೆಯ ಚಿತ್ರವಾಗಿರಲಿಲ್ಲ. ಆ ಹೊತ್ತಿಗೆ ನಮ್ಮ ಜಿಲ್ಲೆಯ ಹೊಸನಗರ, ಸಾಗರದ ಕಡೆ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಅಭಿಯಾನ ಎದ್ದಿತು. ರಸ್ತೆ, ಸೇತುವೆ ಕೇಳಿ ಮತದಾನ ಬಹಿಷ್ಕರಿಸುವುದು ಮಲೆನಾಡಿಗೆ ಹೊಸದಲ್ಲ. ಆ ಸಾಲಿಗೆ ನೆಟ್ ಸೇರಿದ್ದು ಹೊಸತು. ಮೂವತ್ತು ವರ್ಷ ಅಂಗಡಿಯ ಕಟ್ಟೆಗೆ ಬಂದು ಬಿದ್ದ ಬೈಗುಳ ಮೊದಲ ಬಾರಿಗೆ ವಿಳಾಸ ಸರಿಯಾಗಿ ಬರೆದುಕೊಂಡು ಹೋಯಿತು.

ಸರ್ಕಾರಕ್ಕೆ ಕೇಳಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅದೇ ಮುಂದೆ ಭಾರತ್‌ನೆಟ್ ಆಯಿತು, ಗಡುವುಗಳು ಮತ್ತೆ ಮತ್ತೆ ಮುಂದಕ್ಕೆ ಹೋದವು. 2022ರ ಜುಲೈಯಲ್ಲಿ 4ಜಿ ತಲುಪದ 24,680 ಹಳ್ಳಿಗಳಿಗೆ ಟವರು ಹಾಕಲು 26,316 ಕೋಟಿ ರೂಪಾಯಿ ಮಂಜೂರಾಯಿತು. 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯ ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಅದರ ಒಳತಿರುಳು ಕಿತ್ತೂರಿಗೆ ಪೆಟ್ಟಿಗೆ ತಂದಿದ್ದ ಅದೇ ಸಿ-ಡಾಟ್‌ನದು. ನನಗೆ ಇದರಲ್ಲಿ ಸಂತೋಷ ಇದೆ. ಆತಂಕವೂ ಇದೆ. ಟವರು ಎಣಿಸುವುದು ಸುಲಭ, ಉದ್ಘಾಟಿಸುವುದೂ ಸುಲಭ. ಅದರ ಹಿಂದೆ ಫೈಬರ್ ಬಂದಿದೆಯೋ ಇಲ್ಲ ಮೈಕ್ರೋವೇವ್ ತಟ್ಟೆ ಕೂತಿದೆಯೋ ಎಂದು ರಿಬ್ಬನ್ ಕತ್ತರಿಸುವವರನ್ನು ಯಾರೂ ಕೇಳುವುದಿಲ್ಲ. ಈಗ ಏರ್‌ಫೈಬರ್ ಎಂಬ ಹೆಸರಿನಲ್ಲಿ ಮತ್ತೆ ಗಾಳಿಯನ್ನೇ ಮನೆ ಬಾಗಿಲಿಗೆ ಮಾರುತ್ತಿದ್ದಾರೆ. ಅದು ಚೆನ್ನಾಗಿ ಓಡುವ ಊರುಗಳೂ ಇವೆ. ಓಡುವಲ್ಲಿ ಟವರಿನವರೆಗೆ ಫೈಬರ್ ಇದೆ, ಹಂಚಿಕೊಳ್ಳುವವರು ಇನ್ನೂ ಕಡಿಮೆ. ಎರಡರಲ್ಲಿ ಒಂದು ತಪ್ಪಿದರೂ 2/15ರ ಕಥೆ ಹೊಸ ಡಬ್ಬಿಯಲ್ಲಿ ಶುರುವಾಗುತ್ತದೆ. ನಮ್ಮ ಸೀಮೆಯಲ್ಲಿ ನೆಟ್ ನಿಜವಾಗಿ ಸುಧಾರಿಸಿದ ಮನೆಗಳು ಕೇಬಲ್ ಟಿವಿಯ ಹುಡುಗರು ಕರೆಂಟಿನ ಕಂಬದಿಂದ ಕಂಬಕ್ಕೆ ಫೈಬರ್ ಎಳೆದುಕೊಂಡು ಹೋದ ದಾರಿಯಲ್ಲಿವೆ. ಮರ ಬಿದ್ದರೆ ಅವರೇ ಬೈಕಿನಲ್ಲಿ ಬಂದು ಬೆಸೆಯುತ್ತಾರೆ. ಮಲೆನಾಡಿಗೆ ತಂತಿ ಎಳೆಯಲಾಗದು ಎಂದು ಹೇಳುತ್ತಾ ಬಂದವರಿಗೆಲ್ಲ ಆ ಹುಡುಗರು ಸಾಕಷ್ಟು ಉತ್ತರ.

2023ರ ಜನವರಿಯಿಂದ ಬ್ರಾಡ್‌ಬ್ಯಾಂಡ್ ಎಂದರೆ ಕನಿಷ್ಠ 2 ಎಂಬಿಪಿಎಸ್. ಅಷ್ಟು ಬರದಿದ್ದರೆ ಅಂಗಡಿಯವನಿಗೆ ಬೈದು ಸುಮ್ಮನಾಗಬೇಡಿ. ಕಸ್ಟಮರ್ ಕೇರ್‌ಗೆ ಫೋನು ಮಾಡಿ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ, ಅದಿಲ್ಲದೆ ನಿಮ್ಮ ದೂರು ದೂರೇ ಅಲ್ಲ. ವೇಗ ಅಳೆದ ಚಿತ್ರವನ್ನು ದಿನಾಂಕ, ಗಂಟೆ ಸಮೇತ ಇಟ್ಟುಕೊಳ್ಳಿ. ಸಂಜೆ ಏಳರದ್ದು ಇರಲಿ, ಬೆಳಗಿನ ಐದರದ್ದೂ ಇರಲಿ. ಬಗೆಹರಿಯದಿದ್ದರೆ ಆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. 2009ರಲ್ಲಿ ಮುಚ್ಚಿದ ಬಾಗಿಲನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರವರಿ 16ರಂದು ತೆರೆದಿದೆ: ಟೆಲಿಕಾಂ ಕಂಪನಿಯ ಸೇವಾ ಲೋಪದ ದೂರನ್ನು ಗ್ರಾಹಕ ಆಯೋಗ ಕೇಳಬಹುದು. ನೀವು ವಾಸವಿರುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.